ಬಿಸಿ ತೋರಿಸುವ ಮುಳ್ಳು

ಸ್ಕೂಟರಿಗೆ ಪಂಕ್ಚರ್ ಹಾಕಿಸಲು ಗ್ಯಾರೇಜಿನ ಬೆಂಚಿನ ಮೇಲೆ ಕಾಯುತ್ತಿದ್ದೆ. ಎದುರಿಗೆ ಹಳೆಯ ಕಾರೊಂದು ಕತೆಯ ರಾಕ್ಷಸನಂತೆ ಬಾಯಿ ತೆರೆದು ಆವಿ ಉಗುಳುತ್ತಿತ್ತು. ಅದರ ಪಕ್ಕದಲ್ಲಿ ನಡುವಯಸ್ಸಿನ ಗಂಡ ಹೆಂಡತಿ ನಿಂತಿದ್ದರು.

ಮೆಕ್ಯಾನಿಕ್ ಆಯಿಲ್ ಮುಚ್ಚಳ ತೆಗೆದು ತೋರಿಸಿದ. “ನೋಡಿ, ಆಯಿಲ್‌ಗೆ ನೀರು ಸೇರಿ ಹಾಲು ಹಾಕಿದ ಕಾಫಿ ಥರ ಆಗಿದೆ. ಇಂಜಿನ್ ಕಾದು, ಅದರ ಹೆಡ್ ಕೆಳಗೆ ನೀರು ಸೋರದಂತೆ ತಡೆಯೋ ಗ್ಯಾಸ್ಕೆಟ್ ಹೋಗಿದೆ. ಹೆಡ್ ಬಿಚ್ಚಿ, ಸೊಟ್ಟ ಆಗಿದ್ಯಾ ನೋಡ್ಬೇಕು. ನಾಲ್ಕು ದಿನ ಬೇಕು.”

“ಸಂಜೆ ಬಾಣಂತಿ ಮಗಳನ್ನ ಆಸ್ಪತ್ರೆಯಿಂದ ಕರ್ಕೊಂಡು ಬರ್ಬೇಕು ಕಣಪ್ಪಾ!” ಎಂದರು ಹೆಂಡತಿ.

“ಇಷ್ಟು ಕಾದಿದೆ ಅಂದ್ರೆ ಬಿಸಿ ತೋರ್ಸೋ ಮುಳ್ಳು ಕೆಂಪಿಗೆ ಹೋಗಿರ್ಬೇಕಲ್ಲಮ್ಮ. ನೋಡ್ಲಿಲ್ವಾ?”

“ದಾರಿಯುದ್ದಕ್ಕೂ ಅದನ್ನೇ ನೋಡ್ತಿದ್ದೆ. ಅಲ್ಲಾಡ್ಲೇ ಇಲ್ಲ.”

ಮೆಕ್ಯಾನಿಕ್ ಬಗ್ಗಿ ತಂತಿಯೊಂದನ್ನು ಎತ್ತಿ ಹಿಡಿದ. “ಹೆಂಗೆ ಅಲ್ಲಾಡುತ್ತೆ? ಇದನ್ನ ಯಾರೋ ಬೇಕಂತಲೇ ಕಿತ್ತಿದಾರೆ.”

ಗಂಡ ಕೆಮ್ಮಿದರು. “ನಾನೇ ಕಣೇ. ಅದು ಕೂದಲೆಳೆಯಷ್ಟು ಏರಿದ್ರೂ ‘ನಿಲ್ಸಿ, ನಿಲ್ಸಿ’ ಅಂತ ಪ್ರಾಣ ತಿಂತಿದ್ಯಲ್ಲ.”

“ಅದಕ್ಕೆ ಮುಳ್ಳಿನ ಬಾಯಿ ಮುಚ್ಚಿಸಿದ್ರಾ? ನನ್ನ ಹತ್ರ ‘ಸುಮ್ನಿರು’ ಅನ್ನೋ ಧೈರ್ಯ ನಿಮಗೆ ಇರ್ಲಿಲ್ವಾ?”

“ತಪ್ಪಾಯ್ತು ತಾಯಿ. ನಡಿ, ಟ್ಯಾಕ್ಸಿ ಮಾಡೋಣ.”

“ಮಾಡಿ. ಆದ್ರೆ ನೀವು ಹಿಂದೆ ಕೂತ್ಕೊಳ್ಳಿ, ಮುಂದೆ ನಾನು.”

“ಯಾಕೆ?”

“ಮುಳ್ಳು ನೋಡೋಕೆ,” ಎನ್ನುತ್ತಾ ಆಕೆ ಗೇಟು ದಾಟಿದರು. ಗಂಡ ಹಿಂದೆಯೇ ಓಡಿದರು.