ಚಿಂದಿ ಕಟ್ಟಿದ ಗಳಗಳು

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ದರ್ಜಿ ಹೆಂಗಸಿಗೆ ಪಕ್ಕದವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಮುದುಕ ಆಯುಷ್ಯವೆಲ್ಲ ದೋಣಿ ನಡೆಸಿದವನು. ಜೊತೆಗೆ ಬಂದಿದ್ದ ತಂಗಿಯ ಮಗ ಹೊಳೆಯ ಕಸ ತೆಗೆಯುವ ಹೊಸ ಬೋಟಿನ ಕೆಲಸಗಾರ.

“ಹೊಳೆ ಈಗ ಕನ್ನಡಿ ಇದ್ದಂಗಿದೆ ಮಾವ. ಒಂದು ಕಡ್ಡಿ ಬಿಟ್ಟಿಲ್ಲ.”

“ನಾನು ಕಣ್ಣು ಕಟ್ಟಿಸ್ಕೊಂಡ ಮೇಲೇ ನಿಮಗೆ ಪೌರುಷ ಬಂತು ನೋಡು.”

“ನಗಬೇಡಿ. ತಿರುವಿನಲ್ಲಿ ಯಾರೋ ನೆಟ್ಟಿದ್ದ ಬಿದಿರು ಗಳಗಳನ್ನೂ ನಿನ್ನೆ ಕಿತ್ತು ಹಾಕಿದ್ವಿ. ತುದೀಲಿ ಹಳೇ ಚಿಂದಿ ಬೇರೆ, ಥೂ!”

ಮುದುಕ ಕೋಲು ತಡಕಿ ಹಿಡಿದುಕೊಂಡ.

“ಎಲ್ಲಾನೂ ಕಿತ್ರಾ?”

“ಹನ್ನೊಂದೂ.”

“ಯಾರೋ ಅಲ್ಲ ಕಣೋ, ನೆಟ್ಟೋನು ನಾನು. ಬಿದ್ದುಹೋದ ಸೇತುವೆಯ ಕಲ್ಲುಕಂಬಗಳು ಅಲ್ಲೇ ನೀರೊಳಗೆ ಮೊಳದಾಳದಲ್ಲಿ ನಿಂತಿವೆ. ಗಳ ನೋಡಿಯೇ ನಾವು ದೋಣಿ ತಿರುಗಿಸ್ತಿದ್ದದ್ದು.”

ಮುದುಕ ಸೋದರಳಿಯನ ತೋಳು ಜಗ್ಗಿದ.

“ನಿಮ್ಮಣ್ಣ ಓಡಿಸೋ ಹೊಸ ಕಾವಲು ಬೋಟು ಯಾವತ್ತು ನೀರಿಗೆ ಇಳಿಯುತ್ತೆ?”

“ಇವತ್ತೇ ಮಾವ, ಇನ್ನೇನು ಹತ್ತು ಗಂಟೆಗೆ. ವೇಗದ ಪರೀಕ್ಷೆಯಂತೆ.”

“ಅಯ್ಯೋ! ಚಿಂದಿ ಕಾಣೋವರೆಗೂ ಜೋರಾಗಿ ಬಿಡು, ಭಯ ಇಲ್ಲ ಅಂತ ಅವನಿಗೆ ನಾನೇ ಹೇಳಿಕೊಟ್ಟಿದ್ದೀನಿ. ಫೋನ್ ಮಾಡೋ!”

“ಮಾಡ್ತಾನೇ ಇದ್ದೀನಿ. ಎತ್ತುತ್ತಿಲ್ಲ.”

“ಏಳು ಹಾಗಾದ್ರೆ. ನನ್ನ ಕೈ ಹಿಡ್ಕೊ.”

ದಾದಿ ಬಾಗಿಲಿಗೆ ಬಂದು ಮುದುಕನ ಸರದಿ ಕೂಗುವ ಹೊತ್ತಿಗೆ ಇಬ್ಬರೂ ಮೆಟ್ಟಿಲಿಳಿಯುತ್ತಿದ್ದರು. ಕೋಲಿನ ಸದ್ದು ಕೆಳಗೆ ಕೆಳಗೆ ಹೋಯಿತು. ದರ್ಜಿ ಹೆಂಗಸು ಎದ್ದು ಕಿಟಕಿಯ ಬಳಿ ನಿಂತಳು. ಆಚೆ ಹೊಳೆ ನಿಜಕ್ಕೂ ಕನ್ನಡಿಯಂತೆಯೇ ಇತ್ತು. ಅದರ ಮೇಲೆ ಬಿಳಿಯ ಬೋಟೊಂದು ನೊರೆ ಚಿಮ್ಮಿಸುತ್ತ ತಿರುವಿನ ಕಡೆಗೆ ಹಾರಿ ಬರುತ್ತಿತ್ತು.