ಜೇನಿಲ್ಲದ ಲೇಹ್ಯ

ಏಳು, ಏಳು ವಸಂತಾ! ಕಾಲು ಬುಡು ಮೊದ್ಲು. ನನ್ನ ತಮ್ಮನ ಹೆಂಡ್ತಿ ನೀನು, ಇಂಗೆ ಕಾಲಿಗೆ ಬಿದ್ದು ನನಗ್ಯಾಕೆ ಪಾಪ ಸುತ್ತುತೀಯ? ಆಗಲ್ಲ ಅಂದ್ರೆ ಆಗಲ್ಲ. ನನ್ನ ಮಗಳು ಪ್ರೇಮಕುಮಾರೀನ ನಿನ್ನ ಮಗ ಧನ್ಯಕುಮಾರಂಗೆ ಕೊಡಾಕಿಲ್ಲ. ತಾಂಬೂಲ ಬದಲಾಯಿಸಿದ್ದು ನಿಜ. ಸೋದರಮಾವನ ಮನೆ, ಕಣ್ಣಳತೇಲೇ ಇರ್ತಾಳೆ ಅಂತ ಕುಣ್ಕೊಂಡು ಒಪ್ಪಿದ್ದೂ ನಿಜ. ಈಗ ಬ್ಯಾಡ. ಭಂಗಿ ಸೊಪ್ಪು ತಿನ್ನೋನ ಸೊಸೆ ಅಂತ ನನ್ನ ಮಗಳನ್ನ ಊರು ಕರೀಬೇಕಾ? ಥೂ!

ಕೂತ್ಕೋ. ದಂಡಿಗನಹಳ್ಳಿಯಿಂದ ಬಿಸ್ಲಲ್ಲಿ ಗಾಡಿ ಕಟ್ಟಿಸ್ಕೊಂಡು ಬಂದಿದ್ದೀಯ, ನೀರು ಕುಡಿ. ಮನೆಗೆ ಬಂದೋಳಿಗೆ ನೀರು ಕೊಡದಷ್ಟು ಕೆಟ್ಟೋಳಲ್ಲ ಈ ಮರುದೇವಿ... ಯಾಕಂಗೆ ನೋಡ್ತೀಯ? ಸುಳ್ಳಾ ನಾನು ಹೇಳೋದು? ನೀನೂ ಇದ್ಯಲ್ಲ ಅವತ್ತು ಬಸದೀಲಿ? ನಂದೀಶ್ವರ ಪೂಜೆ. ಸುತ್ತೂರಿನ ಜನ ಅಷ್ಟೂ ಕೈಮುಕ್ಕೊಂಡು ನಿಂತವ್ರೆ, ಸ್ವಾಮಿಗೆ ಹಾಲಿನ ಅಭಿಷೇಕ ಆಯ್ತಾ ಐತೆ, ನಿನ್ನ ಯಜಮಾನ ಆದಿರಾಜಯ್ಯ ಕಂಬಕ್ಕೆ ಒರಗಿ ಕಿಸಿಕಿಸಿ ನಗ್ತಾವ್ನೆ! ಏನಕ್ಕೆ ನಗು? ಹಾಲು ಸುರೀತಿತ್ತಲ್ಲ, ಅದನ್ನ ನೋಡಿ! ಬಾಯಿ ಕೊನೇಲಿ ಜೊಲ್ಲು. ಕಣ್ಣು ಕೆಂಡ. ಅಷ್ಟಕ್ಕೆ ಸುಮ್ನಾದ್ನಾ? ದೇವರ ಮುಂದೆ ಇಟ್ಟಿದ್ದ ಕೊಬ್ಬರಿ ಎತ್ಕೊಂಡು ಕರಕರ ಅಗೀತಾ ನಿಂತ. ದೇವರ ಮುಂದಿಟ್ಟದ್ದನ್ನ ನಾವು ತಿಂತೀವೇನೆ? ನಿರ್ಮಾಲ್ಯ ಕಣೆ ಅದು! ನಾಯಿ ನುಗ್ಗಿದಂಗೆ ನುಗ್ಗಿ ತಿಂದ.

ಆಮೇಲೆ ನಮ್ಮ ಪಕ್ಕದ್ಮನೆ ಅನಸೂಯಮ್ಮನ ಗಂಡ ಅವನ ರಟ್ಟೆ ಹಿಡಿದು ಎಳೆದಾಗ ಸೊಂಟದ ಗಂಟು ಬಿಚ್ಕೊಂಡು... ಅಯ್ಯಪ್ಪಾ, ಆ ಸೊಪ್ಪು! ನೆಲದ ತುಂಬಾ ಉದುರ್ತು. ಅಭಿಷೇಕದ ನೀರು ಅದರ ಮೇಲೆ ಹರೀತು. ಆ ನಾತ, ವಸಂತಾ, ಆ ನಾತ! ಎರಡು ದಿನ ಅನ್ನ ಸೇರಲಿಲ್ಲ ನನಗೆ. ಒಂದೇ ಹೊಟ್ಟೇಲಿ ಹುಟ್ಟಿದೋನು ಅಂತ ಹೇಳ್ಕೊಳ್ಳಾಕೆ ನಾಲಗೆ ಹೇಸುತ್ತೆ.

ಏನಂದೆ? ಸೊಂಟನೋವಾ? ಗೊತ್ತು, ಗೊತ್ತು. ಕೊಣನೂರು ಸಂತೆಗೆ ಪಾತ್ರೆ ಮಾರಾಕೆ ಓದೋನು ನಮ್ಮೂರ ಹತ್ರಾನೇ ಗಾಡಿ ಮಗುಚಿ ಬಿದ್ದ. ಪಾಪ. ಇಲ್ಲ ಅಂದ್ನಾ ನಾನು? ಅದಕ್ಕೆ ಹೆಂಡದಂಗಡಿ ಪಕ್ಕದ ಗಾಂಜಾ ಅಂಗಡೀಲಿ, ಚಿಲುಮೆ ಎಳೆಯೋ ಬೈರಾಗಿಗಳ ಜೊತೆ ಕೈಚಾಚಿ ನಿಲ್ಲೋದಾ? ಜೈನರ ಹೊಟ್ಟೇಲಿ ಹುಟ್ಟಿ? ನೋವು ಯಾರಿಗಿಲ್ಲ ಹೇಳು. ನನ್ನ ಮಂಡಿ ನೋಡು, ಊದಿ ಕುಂಬಳಕಾಯಿ ಆಗೈತೆ. ಇನ್ನು ಎದೆ? ನನ್ನ ಜಯಕುಮಾರ ಪಟಾಲಮ್ಮು ಸೇರಿ ಬರ್ಮಾ ಕಡೆ ಯುದ್ಧಕ್ಕೆ ಓದಾಗಿಂದ ಈ ಎದೆ ಒಂದೇ ಸಮ ಡವಡವ. ಯಾರಾದ್ರೂ ಬಾಗ್ಲು ತಟ್ಟಿದ್ರೆ, ತಂತಿ ಬಂತು, ನನ್ನ ಮಗ ಓದ ಅಂತ ಕೈಕಾಲು ತಣ್ಣಗಾಯ್ತವೆ. ಹಾಲಿನೋಳು ತಟ್ಟಿದ್ರೂ ಅಷ್ಟೇ. ಅಂಗಂತ ನಾನೇನು ಸೊಂಟಕ್ಕೆ ಸೊಪ್ಪು ಕಟ್ಕೊಂಡು ತಿರುಗ್ತೀನಾ? ಒಂಚೂರು ಲೇಹ್ಯ ನೆಕ್ತೀನಿ, ಪಂಚನಮಸ್ಕಾರ ಹೇಳ್ಕೋತೀನಿ, ಮಲಗ್ತೀನಿ.

ನೋಡು, ನಿನ್ನ ಜೊತೆ ಕೂಗಾಡಿ ಈಗ್ಲೂ ಶುರುವಾಯ್ತು. ಆ ಗೂಡಲ್ಲಿ ಭರಣಿ ಐತೆ, ಕೊಡಿಲ್ಲಿ. ಅದಲ್ಲ, ಅದು ಉಪ್ಪಿನಕಾಯಿ. ಅದರ ಹಿಂದೆ, ಬಾಯಿಗೆ ಬಟ್ಟೆ ಕಟ್ಟೈತಲ್ಲ... ಹ್ಞಾಂ, ಅದೇ. ಕೊಡು. ಬಟ್ಟೆ ನಾನು ಬಿಚ್ಕೋತೀನಿ, ನೀನು ಯಾಕೆ... ವಸಂತಾ? ಯಾಕೆ ಮೂಸ್ತಾ ಇದ್ದೀಯ?

ಲೇಹ್ಯ ಕಣೆ. ಹೊಳೆನರಸೀಪುರದ ಬೈರಯ್ಯ ಪಂಡಿತರು ಮಾಡಿದ್ದು. ತುಪ್ಪ, ಬೆಲ್ಲ, ಏಲಕ್ಕಿ, ಗಸಗಸೆ... ಅಯ್ಯೋ, ನಾನೆಷ್ಟು ಹುಷಾರು ಅಂತ ನಿನಗೇನು ಗೊತ್ತು! ಲೇಹ್ಯ ಅಂದಮೇಲೆ ಜೇನು ಸುರಿಯೋರೇ ಎಲ್ಲ. ಒಂದು ತೊಟ್ಟು ಜೇನು ತಿಂದ್ರೆ ಏಳು ಊರು ಸುಟ್ಟ ಪಾಪ ಅಂತ ನಮ್ಮವ್ವ ಹೇಳೋಳು. ಅದಕ್ಕೇ ಎದುರಿಗೆ ಕೂತು ಕೇಳ್ದೆ: ಪಂಡಿತರೇ, ಜೇನು ಹಾಕಿಲ್ಲ ತಾನೇ? ಇಲ್ಲ ತಾಯಿ ಅಂದ್ರು. ಆಣೆ ಮಾಡಿ ಅಂದೆ. ಮಾಡಿದ್ರು. ಕರ್ಪೂರ ಹಚ್ಚಿ ಅದರ ಮೇಲೂ ಕೈಯಿಡಿಸಿದೆ. ಬೆಲ್ಲದಲ್ಲೇ ಪಾಕ ತೆಗೆದಿದ್ದು ಅಂದ್ರು. ಇನ್ನೇನು ಕೇಳ್ಬೇಕಿತ್ತು ನಾನು?

ಯಾಕೆ ನಗ್ತೀಯ? ನಗ್ತಿಲ್ವಾ? ಮತ್ತೆ ತುಟಿ ಯಾಕಂಗೆ?

ಭಂಗಿ ಹಾಕಿದ್ದೀರಾ ಅಂತ ಕೇಳೋದೇನೆ ಯಾರಾದ್ರೂ? ಬಸದಿಗೆ ಓಗೋ ಹೆಂಗಸು, ಪಂಡಿತರ ಮುಂದೆ ಕೂತು? ಬಾಯಲ್ಲಿ ಆಡೋ ಮಾತಾ ಅದು? ನಮ್ಮ ಮನೇಲಿ ಲೇಹ್ಯ ಅಂದ್ರೆ ಜೇನಿಗೆ ಹೆದರ್ತೀವಿ, ಅಷ್ಟೇ ಗೊತ್ತು ನಮಗೆ. ಮೊದಲ್ನೇ ಸಲ ತಂದಿದ್ದು ಚೆನ್ನಾಗಿತ್ತು, ಬರಬರ್ತಾ ಯಾಕೋ ನಾಟದಂಗಾಯ್ತು. ಅದಕ್ಕೇ ಹೋದ ಸಲ ಹೇಳಿ ಕಳಿಸ್ದೆ, ಪಂಡಿತರೇ ಬೆಲ್ಲ ಕಮ್ಮಿ ಮಾಡಿ, ಸೊಪ್ಪು ಒಂದು ಹಿಡಿ ಜಾಸ್ತಿ...

ಒಂದೆಲಗ! ಒಂದೆಲಗದ ಸೊಪ್ಪು ಕಣೆ, ತಲೆಗೆ ತಂಪು ಅಂತಾರಲ್ಲ. ಸೊಪ್ಪು ಅಂದ್ರೆ ಲೋಕದಲ್ಲಿ ಅದೊಂದೇನಾ? ದಂಟಿನ ಸೊಪ್ಪಿಲ್ವಾ, ಮೆಂತ್ಯದ ಸೊಪ್ಪಿಲ್ವಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಲು ಅಂತ ಅಂದ್ಕೋಬೇಡ ನೀನು.

ಸರಿ, ಹಾಕವ್ರೆ ಅಂತಾನೇ ಇಟ್ಕೋ. ಲೇಹ್ಯವೇ ಬೇರೆ, ಆ ಹಸೀ ಸೊಪ್ಪೇ ಬೇರೆ. ಮೊದಲು ತೊಳೆದು ಹಸಿರು ನೀರು ಹಿಂಡಿ ಚೆಲ್ಲಬೇಕು. ಆಮೇಲೆ ಹಾಲಲ್ಲಿ ಬೇಯಿಸ್ಬೇಕು. ಸಣ್ಣ ಉರೀಲಿ ತುಪ್ಪದಲ್ಲಿ ಹುರಿದ್ರೆ ನಾತ ಓಗ್ತದೆ, ಒಗರೂ ಇರಲ್ಲ... ಅಂತ ಪಂಡಿತರು ಹೇಳ್ತಾರೆ. ನಾನೆಲ್ಲಿ ನೋಡಿದ್ದೀನಿ?

ಮಾತಾಡೇ. ಬಂದಾಗಿಂದ ಅತ್ತೂ ಕರೆದೂ ಮನೆ ತುಂಬಿಸಿದೋಳು ಈಗ್ಯಾಕೆ ಬಾಯಿಗೆ ಬೀಗ ಹಾಕ್ಕೊಂಡೆ? ಭರಣಿ ಮಡಿಲಲ್ಲಿ ಇಟ್ಕೊಂಡು ನನ್ನ ಮುಖಾನೇ ಯಾಕೆ ನೋಡ್ತೀಯ?

ಓ... ಅಂಗಾ. ನಿನ್ನ ಗಂಡ ಹೇಳ್ಬುಟ್ಟವ್ನೆ. ಹೇಳ್ದೆ ಇರ್ತಾನಾ! ಅಕ್ಕನೇ ತಿನ್ಸಿದ್ದು, ಅಕ್ಕನೇ ಕಲಿಸಿದ್ದು ಅಂದ್ನಾ? ಹೌದು ಕಣೆ, ಕೊಟ್ಟೆ! ಏನು ಮಾಡ್ಲಿ? ಸೊಂಟ ಮುರ್ಕೊಂಡು ಇದೇ ನಡುಮನೇಲಿ ಬಿದ್ದಿದ್ದ. ಅಕ್ಕಾ, ಕೊಂದಾಕ್ಬುಡು ಅಂತ ಬೊಬ್ಬೆ ಹೊಡೀತಿದ್ದ. ನನ್ನ ಕಂಕುಳಲ್ಲಿ ಬೆಳೆದ ಕೂಸು. ನೋಡಾಕಾಗದೆ ಒಂದು ಗುಲಗಂಜಿಯಷ್ಟು ನಾಲಗೆಗೆ ಹಚ್ಚಿದೆ. ಮಗು ಮಲಗಿದಂಗೆ ಮಲಗ್ದ. ಎದ್ದು, ಇದೇನಕ್ಕಾ ಇದು, ಅಮೃತ ಇದ್ದಂಗೈತೆ ಅಂದ. ಆಮೇಲೆ ಊರಿಗೆ ಓದಮೇಲೂ ಏನೋ ಒಂದು ನೆಪ ಮಾಡ್ಕೊಂಡು ಬಂದ, ಬಂದ, ಬತ್ತಾನೇ ಇದ್ದ. ಭರಣಿ ತಳ ಕಂಡೋಯ್ತು. ನನಗೇ ಸಾಲದಾದ್ರೆ ಎಲ್ಲಿಂದ ಕೊಡ್ಲಿ? ಜಯಕುಮಾರನ ಯೋಚನೇಲಿ ನಾನು ನಿದ್ದೆ ಮಾಡೋದು ಬ್ಯಾಡ್ವಾ? ಇನ್ನಿಲ್ಲ ಓಗು ಅಂತ ಬಾಗ್ಲು ಹಾಕ್ದೆ. ಅಂಗಡಿಗೆ ಓದ. ಅದು ಅವನ ಹಣೇಬರ, ನನ್ನದಲ್ಲ! ಅದನ್ನ ಬಂದು ಹೆಂಡ್ತಿ ಮುಂದೆ ಹೇಳ್ಕೊಂಡು ಅಳೋದಾ? ಗಂಡಸೇನೇ ಅವನು? ಹೇಡಿ! ಅಕ್ಕನ ಮಾನ...

ಏನು? ತಲೆ ಯಾಕೆ ಆಡಿಸ್ತೀಯ?

ಇಲ್ವಾ?

ಹೇಳಿಲ್ವಾ ಅವನು?

ಬಸದೀಲಿ ಅಷ್ಟೂ ಜನ ಉಗಿದ್ರಲ್ಲ... ನಾನೇ ಎಲ್ಲಾರಿಗಿಂತ ಮುಂದೆ ಓಗಿ ಮುಖಕ್ಕೆ ಉಗಿದ್ನಲ್ಲ... ಆಗ ನನ್ನನ್ನ ನೋಡ್ದ ಕಣೆ. ಬಾಯಿ ತೆಗೆದೋನು ಮುಚ್ಕೊಂಡ. ಅಮಲು ಅಂದ್ಕೊಂಡೆ. ಮನೆಗೆ ಓಗಿ ನಿನ್ನ ಹತ್ರಾನೂ ಹೇಳಿಲ್ವಾ?

ವಸಂತಾ... ಎಲ್ಲಿಗೆ ಎದ್ದೆ? ಭರಣಿ ನನ್ನ ಮುಂದೆ ಯಾಕಿಡ್ತೀಯ? ಈಗ ಬ್ಯಾಡ ನನಗೆ, ತೆಗಿ ಅತ್ಲಾಗೆ. ಕೂತ್ಕೋ, ಮದುವೆ ಮಾತು ಆಡಾಣ. ಪ್ರೇಮ ಏನು ಮಾಡಿದ್ಲು, ಪಾಪ, ಧನ್ಯನ ಮೇಲೆ ಜೀವ ಇಟ್ಕೊಂಡವಳೆ... ಏ, ಬಾಗ್ಲ ಕಡೆ ಯಾಕೆ ಓಯ್ತೀಯ? ತಿರುಗಿ ನೋಡೇ. ಬಯ್ಯೇ ನನ್ನ. ವಸಂತಾ! ಒಂದ್ಸಲ ಥೂ ಅಂತಾದ್ರೂ ಅಂದು ಓಗೇ!