ಪಿಸ್ತೂಲಿನ ಅಸಲಿ ಹಿಡಿ

ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಯಾರೋ ಅಕ್ಕ, ತಮ್ಮ ಕೂತಿದ್ದರು. ತಮ್ಮನಾದವನು ಕೈಲಿದ್ದ ಬಟ್ಟೆಯ ಗಂಟು ಬಿಚ್ಚಿ ಮರದ ಹಿಡಿಯೊಂದನ್ನು ತೋರಿಸಿದ.

“ಅಪ್ಪ ಗುರಿ ಸ್ಪರ್ಧೆಗೆ ಒಯ್ತಿದ್ರಲ್ಲ, ಅಜ್ಜನ ಕಾಲದ ಪಿಸ್ತೂಲು, ಅದರ ಅಸಲಿ ಹಿಡಿ ಕಣಕ್ಕ. ಎಷ್ಟು ಹುಡುಕಿದ್ವಿ, ಕೊನೆಗೆ ಶೂಟಿಂಗ್ ಕ್ಲಬ್ಬಿನ ಅಟ್ಟದಲ್ಲಿ ಸಿಕ್ತು. ಬಿರುಕಿಗೆ ಅಂಟು ಹಾಕಿ, ಎಣ್ಣೆ ತಿಕ್ಕಿ ಸರಿಮಾಡಿದೆ.”

“ಚೆನ್ನಾಗಿದೆ. ಪಿಸ್ತೂಲು ಎಲ್ಲಿದೆ?”

“ಕ್ಲಬ್ಬಿನ ಬೀರುವಲ್ಲಿ. ಅಪ್ಪ ಮನೆಗೆ ಬಂದಮೇಲೆ ಇದನ್ನ ಕೂರಿಸಿ ಕೈಗೆ ಕೊಡ್ತೀನಿ. ಪಿಸ್ತೂಲು ತಾ ಅಂತ ಅವರೇ ಹೇಳಿದ್ದಾರೆ.”

“ನನಗೂ ಹೇಳಿದ್ರು. ಹಿಡಿ ವಿಚಾರ ಎತ್ತಲೇ ಇಲ್ಲ. ಗುಂಡು ಇದೆಯಾ ಅಂತ ಕೇಳಿದ್ರು.”

ತಮ್ಮ ಹಿಡಿಯನ್ನು ತೊಡೆಯ ಮೇಲಿಟ್ಟ.

“ಅಪ್ಪನ ಬಲಗೈ ಸ್ವಾಧೀನ ಇಲ್ವಲ್ಲಕ್ಕ.”

“ಎಡಗೈ ನೆಟ್ಟಗಿದೆ ಕಣೋ.”

“ಸುಮ್ಮನೆ ಗುರಿ ಹಿಡಿಯೋ ಆಸೆ ಇರಬಹುದು.”

“ಇರಬಹುದು. ಆದ್ರೂ ಡಾಕ್ಟರ ಕಿವಿಗೆ ಹಾಕಿಬಿಡೋಣ.”

“ಅಪ್ಪನಿಗೆ ಗೊತ್ತಾದ್ರೆ ನಮ್ಮ ಮುಖ ನೋಡಲ್ಲ.”

“ನೋಡದಿದ್ರೂ ಪರವಾಗಿಲ್ಲ. ಬದುಕಿರಲಿ.”

“ಇದನ್ನೇನು ಮಾಡಲಿ?”

“ಅದನ್ನ ಮಾತ್ರ ಅಪ್ಪನಿಗೆ ಕೊಡು. ಹಿಡ್ಕೊಂಡು ಕೂತಿರಲಿ.”

ಅವನು ಹಿಡಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡ. ಇಬ್ಬರೂ ಎದ್ದು, ಒಂದು ಕೋಣೆಯ ಮುಂದೆ ನಿಂತು ಒಳಗೆ ಇಣುಕಿದರು. ಆಮೇಲೆ ಅದನ್ನು ದಾಟಿ ಡಾಕ್ಟರ ಬಾಗಿಲು ತಟ್ಟಿದರು.